ಲಾಂಗ್ ರೈಡಿಗೆ ಸೆಕೆಂಡ್ ಹ್ಯಾಂಡ್ ಬೈಕ್: ಮೇಸ್ತ್ರಿ ಅಣ್ಣನ್ನ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಇವತ್ತು ಸಂಜೆ 7ರಿಂದ ಮೇಸ್ತ್ರಿ ಅಣ್ಣ ಗ್ರೂಪಲ್ಲಿ ಸಿಕ್ತಾರೆ, ಶಿವಮೊಗ್ಗದಲ್ಲಿ 22 ವರ್ಷದಿಂದ ಗ್ಯಾರೇಜ್ ಇಟ್ಟಿದ್ದಾರೆ. ಹಳೇ ಟೂರಿಂಗ್ ಬೈಕ್ ತಗೊಳ್ಳೋರು ಕೇಳಿ. ಮೇಲಿರೋದು ಓದಿ ಆಮೇಲೆ ಪ್ರಶ್ನೆ ಹಾಕಿ ಪ್ಲೀಸ್.

ತುಮಕೂರು ಹುಡುಗ: ಅಣ್ಣ 1.5 ಲಕ್ಷ ಬಜೆಟ್. ಹಿಮಾಲಯನ್ 411 ತಗೊಳ್ಲಾ, ಡೊಮಿನಾರ್ 400 ತಗೊಳ್ಲಾ? ವರ್ಷಕ್ಕೆ ಮೂರ್ನಾಲ್ಕು ಲಾಂಗ್ ರೈಡ್, ಉಳಿದಂತೆ ಆಫೀಸು.

ಮೇಸ್ತ್ರಿ: ನೀವು ಹೋಗೋ ರೋಡ್ ಎಂಥದು ಅನ್ನೋದರ ಮೇಲೆ. ಹೈವೇಲಿ ಗಂಟೆಗಟ್ಲೆ 100ರ ಮೇಲೆ ಹೋಗೋದಾದ್ರೆ ಡೊಮಿನಾರ್, ಅದು 373 ಸಿಸಿ ಲಿಕ್ವಿಡ್ ಕೂಲ್ಡ್. ಕಿತ್ತೋದ ರೋಡು, ತೋಟದ ದಾರಿ ಅಂದ್ರೆ ಹಿಮಾಲಯನ್, ಮುಂದೆ 21 ಇಂಚಿನ ವೀಲಿದೆ, 80-90ರಲ್ಲಿ ಆರಾಮ. ಆದ್ರೆ 1.5 ಲಕ್ಷ ಪೂರ್ತಿ ಗಾಡಿಗೇ ಸುರೀಬೇಡಿ. 1.2ಕ್ಕೆ ಹುಡುಕಿ, 30 ಸಾವಿರ ಕೈಲಿ ಇಟ್ಕೊಳ್ಳಿ. ಟೈರು, ಚೈನ್ ಸ್ಪ್ರಾಕೆಟ್, ಬ್ಯಾಟರಿ, ಬ್ರೇಕ್ ಪ್ಯಾಡ್, ಕೋನ್‌ಸೆಟ್ (ಹ್ಯಾಂಡಲ್ ಬೇರಿಂಗು) ಈ ಖರ್ಚು ಬರೋ ಹೊತ್ತಿಗೇ ತುಂಬಾ ಜನ ಗಾಡಿ ಮಾರೋದು, ತಗೊಂಡೋರು ಮೊದಲ ಆರು ತಿಂಗಳಲ್ಲಿ ಎಲ್ಲಾ ಒಟ್ಟಿಗೆ ಹಾಕಿಸ್ತಾರೆ. ಇನ್ಶೂರೆನ್ಸೂ ಲೆಕ್ಕ ಹಾಕಿ, 2022ರಲ್ಲಿ ನಿಗದಿಯಾದ ದರದಲ್ಲಿ 350 ಸಿಸಿ ದಾಟಿದ್ರೆ ಥರ್ಡ್ ಪಾರ್ಟಿನೇ 2,804, 150ರಿಂದ 350ರ ಒಳಗಿದ್ರೆ 1,366, ಅದರ ಮೇಲೆ ಜಿಎಸ್‌ಟಿ.

ಹಾಸನ ರೈಡರ್: ಅಣ್ಣ, ಬೆಂಗಳೂರಲ್ಲಿ 2019ರ ಹಿಮಾಲಯನ್ ನೋಡ್ದೆ, 14,000 ಕಿಮೀ ಓಡಿದೆ, 1.05 ಹೇಳ್ತಿದ್ದಾರೆ. ಗಾಡಿ ಫಳಫಳ ಅಂತಿದೆ. ಒಂದೇ ಡೌಟು, 60ರಲ್ಲಿ ಹ್ಯಾಂಡಲ್ ಸ್ವಲ್ಪ ಸಡಿಲ ಹಿಡಿದ್ರೆ ಎಡಕ್ಕೆ ಎಳೆಯುತ್ತೆ. ಗಾಳಿ ಕಮ್ಮಿ ಇದೆ ಅಷ್ಟೇ ಅಂದ್ರು. 5 ಸಾವಿರ ಅಡ್ವಾನ್ಸ್ ಕೊಟ್ಟಿದೀನಿ. ಮಿಸೆಸ್ ಕೂರಿಸ್ಕೊಂಡು ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋಗೋ ಆಸೆ.

ಮೇಸ್ತ್ರಿ: ಉಳಿದ ದುಡ್ಡು ಕೊಡಬೇಡಿ, ಮೊದಲು ಇದಕ್ಕೆ ಉತ್ತರ ಕೊಡಿ. ಎರಡೂ ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ನಾಲ್ಕು ಅಂಕಿ ಏನಿದೆ? 2319 ಅಂದ್ರೆ 2019ರ 23ನೇ ವಾರ. ಇನ್ಶೂರೆನ್ಸ್ ಪೇಪರಲ್ಲಿ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದಿದ್ರೆ ಸಿಗೋ ರಿಯಾಯ್ತಿ, ಎಷ್ಟು ಪರ್ಸೆಂಟ್ ಇದೆ?

ಮಂಡ್ಯ ಎಕ್ಸ್‌ಪ್ರೆಸ್: ಹಿಮಾಲಯನ್ ಒಳ್ಳೇದಾ ಡೊಮಿನಾರ್ ಒಳ್ಳೇದಾ ಅಣ್ಣ

ಮೇಸ್ತ್ರಿ: ಮೇಲೆ ಬರ್ದಿದೀನಿ.

ಹುಬ್ಬಳ್ಳಿ ಮಂದಿ: ಅಣ್ಣಾರ, ಕೊಲ್ಲಾಪುರದಾಗ ಒಂದು ಗಾಡಿ ಐತಿ, ಎಂಎಚ್ ಪಾಸಿಂಗ್, ನಮ್ಮ ಕಡೆಗಿಂತ 25 ಸಾವಿರ ಕಮ್ಮಿ. ತಗೋಬೇಕೋ ಬ್ಯಾಡೋ?

ಮೈಸೂರು 55: ಧಾರಾಳವಾಗಿ ತಗೊಳ್ಳಿ ಬ್ರೋ, ಬೇರೆ ಸ್ಟೇಟ್ ಗಾಡಿ 12 ತಿಂಗಳು ಹಂಗೇ ಓಡಿಸಬಹುದು, ಏನೂ ಆಗಲ್ಲ.

ಆರ್‌ಸಿ ಅಂಕಲ್: ತಪ್ಪು ಹೇಳಬೇಡಿ. 12 ತಿಂಗಳು ಇರೋದು ನಂಬರ್ ಬದಲಾಯಿಸೋಕೆ, ಹೆಸರು ಬದಲಾಯಿಸೋಕಲ್ಲ. ತಗೊಂಡೋರು 30 ದಿನದಲ್ಲಿ ಹೆಸರು ಮಾಡಿಸ್ಕೋಬೇಕು, ಫಾರಂ 29, 30. ಸ್ಟೇಟ್ ಬೇರೆ ಆದ್ರೆ ಫಾರಂ 28ರ ಎನ್‌ಒಸಿ, ಅಂದ್ರೆ ಆ ಕಡೆ ಆರ್‌ಟಿಒ ಕೊಡೋ ಒಪ್ಪಿಗೆ ಪತ್ರ, ಗಾಡಿ ಮೇಲೆ ಸಾಲ ಇದ್ರೆ ಅದು ತೀರಿದ್ದಕ್ಕೆ ಫಾರಂ 35. ಇಲ್ಲಿ ಲೈಫ್ ಟ್ಯಾಕ್ಸೂ ಕಟ್ಟಬೇಕು, ಆ 25 ಸಾವಿರದಲ್ಲಿ ಎಷ್ಟು ಉಳಿಯುತ್ತೆ ಲೆಕ್ಕ ಹಾಕ್ಲಿ.

ಮೈಸೂರು 55: ನಾನು ಎರಡು ವರ್ಷ ಕೇರಳ ಗಾಡಿ ಓಡಿಸಿದೀನಿ, ಯಾರೂ ಹಿಡಿದಿಲ್ಲ. ಪುಸ್ತಕದ ಬದನೇಕಾಯಿ ಇಲ್ಲಿ ಬೇಡ.

ಆರ್‌ಸಿ ಅಂಕಲ್: ನಿಮ್ಮನ್ನ ಹಿಡಿದಿಲ್ಲ ಅಂದ ಮಾತ್ರಕ್ಕೆ ಕಾನೂನು ಬದಲಾಗಲ್ಲ. ಬೇರೆಯವರ ದುಡ್ಡು ಹಾಳು ಮಾಡಬೇಡಿ.

ಹುಬ್ಬಳ್ಳಿ ಮಂದಿ: ಇಬ್ರೂ ಜಗಳ ನಿಲ್ಲಸ್ರಿ, ನಾ ಕೇಳಿದ್ದು ಮೇಸ್ತ್ರಿ ಅವರಿಗೆ.

ಮೇಸ್ತ್ರಿ: ಅಂಕಲ್ ಹೇಳಿದ್ದು ಸರಿ. ಎನ್‌ಒಸಿ ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡಬೇಡಿ. ಮಾರೋರಿಗೂ ಹೇಳ್ತೀನಿ, ಸೈನ್ ಹಾಕಿ ಕೊಟ್ಟು ಮರೀಬೇಡಿ, ಆರ್‌ಸಿಲಿ ಹೆಸರಿರೋನೇ ಓನರ್ ಅಂತ ಸುಪ್ರೀಂ ಕೋರ್ಟೇ 2018ರಲ್ಲಿ ಹೇಳಿದೆ, ಆಕ್ಸಿಡೆಂಟ್ ಆದ್ರೆ ಪರಿಹಾರದ ಕೇಸು ನಿಮ್ಮ ತಲೆಗೇ ಬರುತ್ತೆ.

ಕುಂದಾಪ್ರ ರೈಡ್ಸ್: ಬಿಎಂಡಬ್ಲ್ಯು ಜಿ 310 ಜಿಎಸ್ ಪಾರ್ಟ್ಸ್ ಉಡುಪಿ ಸೈಡಲ್ಲಿ ಸಿಗ್ತದಾ ಅಣ್ಣ?

ಗೆಳೆಯರ ಬಳಗ: ಫಾರ್ವರ್ಡ್ ಬಂದಿದ್ದು. ಹಳೇ ಬೈಕ್ ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿ, ಎಂಜಿನ್ನಿಗೆ ಕಾರಿನ ಸಿಂಥೆಟಿಕ್ ಆಯಿಲ್ ಹಾಕಿ, ಮೈಲೇಜ್ 10 ಕಿಮೀ ಜಾಸ್ತಿ ಆಗುತ್ತೆ. ಎಲ್ಲರಿಗೂ ಶೇರ್ ಮಾಡಿ 🙏

ಮೇಸ್ತ್ರಿ: ಯಾರೂ ಮಾಡಬೇಡಿ. ನುಸಿಗುಳಿಗೆ ಕಾರ್ಬನ್ ಕಟ್ಟಿಸುತ್ತೆ ಅಷ್ಟೇ, ಮೈಲೇಜ್ ಕೊಡಲ್ಲ. ಬೈಕಲ್ಲಿ ಕ್ಲಚ್ ಪ್ಲೇಟು ಎಂಜಿನ್ ಆಯಿಲಲ್ಲೇ ಮುಳುಗಿರುತ್ತೆ, ಕಾರಿನ ಆಯಿಲಲ್ಲಿ ಜಾರೋಕೆ ಅಂತಲೇ ಬೆರೆಸಿರೋದು ಇರುತ್ತೆ, ಅದು ಕ್ಲಚ್ಚನ್ನೇ ಜಾರಿಸುತ್ತೆ. ಡಬ್ಬಿ ಮೇಲೆ ಬೈಕ್ ಆಯಿಲಿನ ಗುರುತು, ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು. ಘಾಟಿ ಹತ್ತುವಾಗ ಕ್ಲಚ್ ಜಾರಿ ನಿಂತೋದ ಗಾಡಿನ ಟೆಂಪೋಲಿ ಹಾಕ್ಕೊಂಡು ಬಂದಿದೀನಿ ನಾನು.

ಗೆಳೆಯರ ಬಳಗ: ನಮ್ಮ ಭಾವ ಹಾಕಿದಾರೆ ಸಾರ್, ಏನೂ ಆಗಿಲ್ಲ. ಗೊತ್ತಿರೋದು ಹಂಚ್ಕೊಂಡ್ರೆ ತಪ್ಪಾ?

ಮೇಸ್ತ್ರಿ: ಹೌದು, ತಪ್ಪು. ಕ್ಲಚ್ ಪ್ಲೇಟ್ ದುಡ್ಡು ನಿಮ್ಮ ಭಾವ ಕೊಡಲ್ಲ. ಅಡ್ಮಿನ್, ಈ ಮೆಸೇಜ್ ಡಿಲೀಟ್ ಮಾಡಿ.

ಹಾಸನ ರೈಡರ್: ಅಣ್ಣ ನೋಡ್ದೆ. ಮುಂದಿನ ಟೈರ್ 1422, ಹಿಂದಿನದು 0819. ನೋ ಕ್ಲೇಮ್ ಬೋನಸ್ 2022ರ ಪಾಲಿಸಿಲಿ 35, 2023ರದ್ರಲ್ಲಿ ಸೊನ್ನೆ.

ಮೇಸ್ತ್ರಿ: ನನಗೆ ಇದೇ ಭಯ ಇದ್ದಿದ್ದು. ಸಾಮಾನ್ಯವಾಗಿ ಹಿಂದಿನ ಟೈರೇ ಮೊದಲು ಸವೆಯೋದು, ಎಂಜಿನ್ ತಳ್ಳೋದು ಅದನ್ನೇ ತಾನೆ, ಲಗೇಜೂ ಅದರ ಮೇಲೇ. ಹಿಂದಿನದು ಫ್ಯಾಕ್ಟರಿದೇ ಇದ್ದು ಮುಂದಿನದು ಮಾತ್ರ 2022ರ ಏಪ್ರಿಲ್‌ದು ಅಂದ್ರೆ ಮುಂದೆ ಏನೋ ಆಗಿದೆ. ಅದಕ್ಕೆ ಸರಿಯಾಗಿ ಬೋನಸ್ 35ರಿಂದ ಸೊನ್ನೆಗೆ ಬಿದ್ದಿದೆ. ಪಾಲಿಸಿ ಮಧ್ಯದಲ್ಲಿ ಮೂರು ತಿಂಗಳು ಲ್ಯಾಪ್ಸ್ ಆಗಿದ್ರೂ ಸೊನ್ನೆ ಆಗುತ್ತೆ, ತಾರೀಖು ನೋಡಿ. ತಾರೀಖು ಸಾಲಾಗಿದ್ರೆ ಕ್ಲೇಮ್ ಆಗಿರೋ ಸಾಧ್ಯತೆನೇ ಜಾಸ್ತಿ.

ಈಗ ಹೋಗಿ ಇಷ್ಟು ನೋಡಿ. ಮುಂದಿನ ವೀಲಿನ ಕಡ್ಡಿ ಹಿಂದಿನದಕ್ಕಿಂತ ಹೊಸದಾಗಿ ಹೊಳೀತಿದ್ಯಾ. ಹ್ಯಾಂಡಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಟಿ, ಅಂದ್ರೆ ಮುಂದಿನ ಫೋರ್ಕ್ ಹಿಡಿದಿರೋ ಭಾಗ, ಹೋಗಿ ಫ್ರೇಮಿಗೆ ತಾಗೋ ಕಡೆ ಒಂದು ಸ್ಟಾಪರ್ ಇರುತ್ತೆ, ಅದು ಜಜ್ಜಿದ್ರೆ ಅಥವಾ ವೆಲ್ಡ್ ಆಗಿದ್ರೆ ಗಾಡಿ ಜೋರಾಗಿ ಬಿದ್ದಿದೆ. ಅಲ್ಲೇ ಫ್ರೇಮಿನ ಕತ್ತಿನ ಹತ್ರ ಪೇಂಟ್ ಬಿರುಕು ಬಿಟ್ಟಿದ್ಯಾ ಟಾರ್ಚ್ ಹಾಕಿ ನೋಡಿ.

ಆಮೇಲೆ ದಾರದ ಪರೀಕ್ಷೆ. ಮೊದಲು ಚೈನ್ ಅಡ್ಜಸ್ಟರ್ ಗೆರೆ ಎರಡೂ ಕಡೆ ಸಮ ಮಾಡಿಸಿ, ಅದು ತಪ್ಪಿದ್ರೂ ಗಾಡಿ ಒಂದು ಕಡೆ ಎಳೆಯುತ್ತೆ, ಅಷ್ಟೇ ಆಗಿದ್ರೆ ಪುಣ್ಯ. ಗಾಡಿ ನೇರ ನಿಲ್ಲಿಸಿ ಹಿಂದಿನ ಟೈರಿನ ಹಿಂಬದಿ ಸುತ್ತಿಸಿ ಎರಡೂ ಕಡೆಯಿಂದ ದಾರ ಮುಂದಕ್ಕೆ ಬಿಗಿಯಾಗಿ ಎಳೀರಿ, ಹಿಂದಿನ ಟೈರಿಗೆ ಸವರಿದ ಹಾಗೆ ಬರಬೇಕು. ಹ್ಯಾಂಡಲ್ ನೇರ ಇಟ್ಟಾಗ ಮುಂದಿನ ಟೈರಿಗೂ ದಾರಕ್ಕೂ ಇರೋ ಸಂದಿ ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ಇಲ್ಲದಿದ್ರೆ ಫೋರ್ಕ್ ತಿರುಚಿದ್ಯೋ ಫ್ರೇಮ್ ಬಾಗಿದ್ಯೋ ನೋಡಬೇಕು. ಫೋರ್ಕ್ ಟಿಲಿ ತಿರುಚಿದ್ರೆ ಬೋಲ್ಟ್ ಸಡಿಲಿಸಿ ಸರಿ ಮಾಡಬಹುದು. ಫ್ರೇಮ್ ಆದ್ರೆ 60 ಸಾವಿರಕ್ಕೆ ಕೊಟ್ರೂ ಬೇಡ. ಚಾರ್ಮಾಡಿ ಇಳಿಜಾರಿನ ತಿರುವಲ್ಲಿ, ಮಳೇಲಿ, ಹಿಂದೆ ಹೆಂಡತಿ ಕೂತಿರುವಾಗ ಮುಂದಿನ ವೀಲು ನೀವು ತಿರುಗಿಸಿದ ಕಡೆ ಹೋಗದಿದ್ರೆ ಏನಾಗುತ್ತೆ ಯೋಚನೆ ಮಾಡಿ.

ಮೈಸೂರು 55: ಇಷ್ಟೆಲ್ಲಾ ನೋಡ್ತಾ ಕೂತ್ರೆ ಯಾರೂ ಹಳೇ ಗಾಡಿ ತಗೊಳ್ಳೋಕಾಗಲ್ಲ, ಸುಮ್ನೆ ಹೆದರಿಸ್ತಿದೀರಾ.

ಮೇಸ್ತ್ರಿ: ಅರ್ಧ ಗಂಟೆ ಕೆಲಸ ಅದು. ಅರ್ಧ ಗಂಟೆ ಇಲ್ಲದೋರು ತಗೊಳ್ಳೋದು ಬೇಡ.

ಆರ್‌ಸಿ ಅಂಕಲ್: ಕೇರಳ ಗಾಡಿ ಓಡಿಸಿದ ಶೂರರು ಇಲ್ಲೂ ಬಂದ್ರು.

ಅಡ್ಮಿನ್: ಇಬ್ರಿಗೂ ಕೊನೇ ವಾರ್ನಿಂಗ್. ಇನ್ನೊಂದ್ಸಲ ಆದ್ರೆ ರಿಮೂವ್ ಮಾಡ್ತೀನಿ.

ದಾವಣಗೆರೆ ಬೆಣ್ಣೆ: ಸಾರ್ 1.5 ಲಕ್ಷಕ್ಕೆ ಯಾವುದು ಬೆಸ್ಟ್?

ಮೇಸ್ತ್ರಿ: ಮೇಲಿದೆ.

ಹಾಸನ ರೈಡರ್ (ಮರುದಿನ): ಅಣ್ಣ, ಇವತ್ತು ಬೆಳಿಗ್ಗೆ ಫ್ರೆಂಡ್ ಜೊತೆ ಹೋಗಿದ್ದೆ. ಪಾಲಿಸಿ ತಾರೀಖು ಸಾಲಾಗೇ ಇದೆ. ಸ್ಟಾಪರ್ ಹತ್ರ ವೆಲ್ಡಿಂಗ್ ಮಾಡಿ ಕಪ್ಪು ಪೇಂಟ್ ಹೊಡೆದಿದ್ದಾರೆ, ಫೋಟೋ ಹಾಕಿದೀನಿ ನೋಡಿ. ದಾರ ಕಟ್ತೀನಿ ಅಂದಿದ್ದಕ್ಕೆ ಬೇಕಾದ್ರೆ ತಗೊಳ್ಳಿ ಇಲ್ಲಾಂದ್ರೆ ಬಿಡಿ ಅಂದ್ರು. ಬಿಟ್ಟು ಬಂದೆ. ಅಡ್ವಾನ್ಸ್ ಕೇಳಿದ್ರೆ 2 ಸಾವಿರ ಮಾತ್ರ ವಾಪಸ್ ಕೊಟ್ರು.

ಮೇಸ್ತ್ರಿ: ಫೋಟೋ ನೋಡ್ದೆ. ಅದು ಗ್ಯಾರೇಜ್ ವೆಲ್ಡಿಂಗೇ. 3 ಸಾವಿರ ಹೋದ್ರೆ ಹೋಗ್ಲಿ. ಮುಂದಿನ ಗಾಡಿ ನೋಡೋಕೆ ಹೋಗುವಾಗ ಫೋನ್ ಮಾಡಿ, ಭಾನುವಾರ ಆದ್ರೆ ನಾನೇ ಬರ್ತೀನಿ.