ನಲವತ್ತು ಡ್ರಾಯಿಂಗಿನ ಕುಂಕುಮಾರ್ಚನೆ

ಶನಿವಾರ ಸಂಜೆ ಹೋಟೆಲಿಗೆ ಬಂದ ಸೀನನ ಮುಖ ಬೆಳಗಿನ ಬೋಂಡದ ಹಾಗೆ ಒಣಗಿತ್ತು. ಕಾಫಿ ಬೇಕಾ ಅಂದರೆ ತಲೆ ಅಲ್ಲಾಡಿಸಿದ. ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಪ್ರಭಾಳೂ ಸೇರಿ ನಾವು ಮೂವರು, ನಾನೇ ಎರಡರಲ್ಲಿ ಮೂರು ಹೇಳಿದೆ.

"40 ಡ್ರಾಯಿಂಗ್ ಕಣೋ, ಅಪಾರ್ಟ್‌ಮೆಂಟ್ ಪ್ಲಾನು, ನಕ್ಷೆ ಬರೆಯೋ ಆಟೊಕ್ಯಾಡ್ ಸಾಫ್ಟ್‌ವೇರಿನಲ್ಲಿ. ಯಾರೋ ಪುಣ್ಯಾತ್ಮರು ಗೆರೆಗಳಿಗೆ ಕೈಯಾರೆ ಬಣ್ಣ ಕೊಟ್ಟಿದ್ದಾರೆ. ಗೆರೆಗಳನ್ನು ಗುಂಪು ಮಾಡಿಟ್ಟ ಲೇಯರ್ ಒಂದು ಬಣ್ಣ ಹೇಳಿದರೆ ಗೆರೆ ಇನ್ನೊಂದು ಹೇಳುತ್ತದೆ. ಎಲ್ಲಾ ಬೈಲೇಯರ್ ಮಾಡು, ಅಂದರೆ ಲೇಯರಿನ ಬಣ್ಣವೇ ಗೆರೆಗೂ ಬರಲಿ ಅಂದರು ನಮ್ಮ ಆಫೀಸಿನ ಸಾರ್."

"ಒಂದೊಂದೇ ಗೆರೆ ಒತ್ತಿಕೊಂಡು ಕೂತೆಯಾ?" ಎಂದೆ.

"ನಾನೇನು ದಡ್ಡನಾ? ಸ್ಕ್ರಿಪ್ಟ್ ಬರೆದೆ." ಸೈಟು ಕೊಂಡವನ ಗತ್ತು ಆ ಮಾತಿನಲ್ಲಿತ್ತು. "ಫೈಲ್ ತೆರೆ, ಗೆರೆ ಹಿಡಿ, ಬಣ್ಣ ಬದಲಿಸು, ಸೇವ್ ಮಾಡು, ಮುಚ್ಚು. ಆದರೆ ಮೊದಲನೇ ಫೈಲಿಗೇ ನಿಂತುಹೋಯ್ತು. ಗ್ರೌಂಡ್ ಫ್ಲೋರ್ ಅಂತ ಅದರ ಹೆಸರು."

ಪ್ರಭಾ ಆಗಲೇ ನಗತೊಡಗಿದ್ದಳು. "ಸ್ಕ್ರಿಪ್ಟಿನಲ್ಲಿ ಸ್ಪೇಸ್ ಅಂದರೆ ಎಂಟರ್ ಕಣೋ! ಪಾಪ ಆಟೊಕ್ಯಾಡ್ 'ಗ್ರೌಂಡ್' ಅನ್ನೋ ಫೈಲ್ ಹುಡುಕಿರುತ್ತದೆ. ಹೆಸರನ್ನು ಜೋಡಿ ಕೊಟೇಶನ್ ಒಳಗೆ ಹಾಕಬೇಕು."

"ಆಮೇಲೆ ಹಾಕಿದೆ. ಓಡಿತು. ಓಡಬಾರದಿತ್ತು."

ಬಣ್ಣ ಬದಲಾಗುತ್ತಾ ನೋಡೋಣ ಅಂತ ಮೊದಲು ಬಣ್ಣದ ನಂಬರ್ 1 ಕೊಟ್ಟಿದ್ದನಂತೆ. 1 ಅಂದರೆ ಕೆಂಪು. ಅದನ್ನು ಬೈಲೇಯರ್ ಅಂತ ತಿದ್ದುವುದು ಮರೆತ. 40 ಡ್ರಾಯಿಂಗಿಗೂ ಕುಂಕುಮಾರ್ಚನೆ ಆಯ್ತು. ಅವರ ಆಫೀಸಿನಲ್ಲಿ ಪ್ರಿಂಟಿನ ಗೆರೆ ಎಷ್ಟು ದಪ್ಪ ಅನ್ನುವುದು ಬಣ್ಣದ ಮೇಲೆ. ಕೆಂಪಿಗೆ 0.13 ಮಿಲಿಮೀಟರ್. ಪ್ರಿಂಟ್ ತೆಗೆದರೆ ಒಂದೇ ಗೋಡೆ ಅರ್ಧ ದಪ್ಪ, ಅರ್ಧ ಕೂದಲೆಳೆ.

"ಅರ್ಧ ಯಾಕೆ?" ಎಂದೆ.

"ಲೈನ್ ಅಂತ ಮಾತ್ರ ಫಿಲ್ಟರ್ ಹಾಕಿರುತ್ತಾನೆ," ಎಂದಳು ಪ್ರಭಾ. "ಪಾಲಿಲೈನ್, ಅಂದರೆ ತುಂಡುಗಳನ್ನು ಕೂಡಿಸಿದ ಗೆರೆ, ಬೇರೆ ಜಾತಿ. ಅಣ್ಣನಿಗೆ ಮಾತ್ರ ಲಗ್ನಪತ್ರಿಕೆ ಕೊಟ್ಟು, ತಮ್ಮ ಊಟಕ್ಕೆ ಬರಲಿಲ್ಲ ಅಂದರೆ?"

"ಬಾಗಿಲೂ ಬದಲಾಗಲಿಲ್ಲ."

"ಅದು ಬ್ಲಾಕ್, ಹಲವು ಗೆರೆ ಸೇರಿ ಒಂದಾದದ್ದು. ಕೂಡುಕುಟುಂಬ. ಒಳಗಿರೋ ಸೊಸೆಯನ್ನು ಬೀದಿಯಿಂದ ಕೂಗಿದರೆ ಬರುತ್ತಾಳಾ? ಅತ್ತೆಯನ್ನು ಕೇಳಬೇಕು."

"ಕೊನೇ ಸಲ ಸೇವ್ ಮಾಡೋ ಮುಂಚಿನ ಹಳೇ ಫೈಲ್ ಬ್ಯಾಕಪ್ ಇರುತ್ತಲ್ಲ, ಬಿಎಕೆ ಅಂತ?" ನನಗೂ ಏನೋ ಗೊತ್ತಿದೆ ಅಂತ ತೋರಿಸಬೇಕಿತ್ತು.

ಸೀನ ಕಾಫಿ ಲೋಟದೊಳಗೆ ನೋಡಿದ. "ಎರಡು ಸಲ ಓಡಿಸಿದೆ. ಈಗ ಬಿಎಕೆಯೂ ಕೆಂಪು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸತ್ತ ಮನೆಯಲ್ಲಿ ಕೂತ ಹಾಗಿತ್ತು.

"ಅಲ್ಲ ಕಣೋ, ಸೆಟ್‌ಬೈಲೇಯರ್ ಅಂತ ಕಮಾಂಡೇ ಇದೆಯಲ್ಲ," ಎಂದಳು ಪ್ರಭಾ. "2008ರ ಆಟೊಕ್ಯಾಡ್‌ನಿಂದಲೂ ಇದೆ. ಬ್ಲಾಕ್ ಒಳಗಿನದ್ದನ್ನೂ ಸೇರಿಸಲಾ ಅಂತ ಅದೇ ಕೇಳುತ್ತದೆ. ಹೇಗಿದ್ದರೂ ಹಳೇ ಬಣ್ಣ ಅಳಿಸಬೇಕಿತ್ತು ತಾನೆ? ಅದನ್ನೇ ಓಡಿಸು, ಕುಂಕುಮವೂ ಹೋಗುತ್ತೆ."

ಸೀನನ ಮುಖಕ್ಕೆ ಎಣ್ಣೆ ಬಂತು. ಮಾಣಿಯ ಹತ್ತಿರ ಪೆನ್ ಇಸಕೊಂಡು ಬಿಲ್ಲಿನ ಹಿಂದೆಯೇ ಹೊಸ ಸ್ಕ್ರಿಪ್ಟ್ ಶುರು ಮಾಡಿದ. ಓಪನ್ ಎಂದು ಬರೆದ. ಮುಂದಿನ ಸಾಲಿಗೆ ಹೋಗಿ 'ಗ್ರೌಂಡ್' ಬರೆದ. ಬೆರಳಗಲ ಜಾಗ ಬಿಟ್ಟು 'ಫ್ಲೋರ್' ಬರೆದ.

ಕೊಟೇಶನ್ ಇರಲಿಲ್ಲ.

ಪ್ರಭಾ ನನ್ನ ಮುಖ ನೋಡಿದಳು. ನಾನು ಮಾಣಿಗೆ ಇನ್ನೊಂದು ಎರಡರಲ್ಲಿ ಮೂರು ಹೇಳಿದೆ.