ಸಹಾಯ ಬೇಕು: ಒಂಟಿ ಕ್ಯಾಂಪಿನಲ್ಲಿ ರಾತ್ರಿ ಕುದುರೆಯನ್ನು ಕಟ್ಟುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ ದಾಟಿ ವಾಣಿವಿಲಾಸ ಸಾಗರದವರೆಗೆ ಕುದುರೆ ಮೇಲೆ ಒಬ್ಬನೇ ಹೊರಟಿದ್ದೇನೆ. ನನಗೆ ಪುಟ್ಟ ಟೆಂಟ್, ಒಂದು ಕಂಬಳಿ ಸಾಕು. ತಲೆನೋವು ಕುದುರೆಯದ್ದೇ.

ಎರಡು ಮರಗಳ ನಡುವೆ ಅದರ ತಲೆಗಿಂತ ಎತ್ತರಕ್ಕೆ ಹಗ್ಗ ಬಿಗಿದು ಕಟ್ಟಿದರೆ ಕಾಲಿಗೆ ತೊಡರುವುದು ಕಡಿಮೆ. ಆದರೆ ನಮ್ಮ ಬಯಲುಸೀಮೆಯಲ್ಲಿ ಬೇಕಾದ ಕಡೆ ಎರಡು ಗಟ್ಟಿ ಮರ ಸಿಗಬೇಕಲ್ಲ! ಜಾಲಿ ಬೇಡ, ಮುಳ್ಳು ಜಾಸ್ತಿ. ಗೂಟ ಹೊಡೆದರೆ ಎರೆ ನೆಲದಲ್ಲಿ ನಿಲ್ಲುತ್ತದಾ? ಅನುಭವ ಇದ್ದವರು ಹೇಳಿ.

ದಿನಕ್ಕೆ 30 ಲೀಟರ್ ಆಸುಪಾಸು ನೀರು ಬೇಕು, ಹೊತ್ತು ಒಯ್ಯುವ ಮಾತೇ ಇಲ್ಲ. ಬೋರ್‌ವೆಲ್ ಇರುವ ತೋಟದಲ್ಲಿ ಒಂದು ರಾತ್ರಿ ಜಾಗ ಕೊಡುವವರು ಇದ್ದೀರಾ? ಹುರುಳಿ ನಾನೇ ತರುತ್ತೇನೆ. ಮೇವು ದಿಢೀರ್ ಬದಲಾದರೆ ಹೊಟ್ಟೆಶೂಲೆ ಬರಬಹುದು, ಅಲ್ವಾ?

ಜೀನಿಗೆ ಹಾಕುವ ಹಸಿಬೆ ಚೀಲ ಹೊಲಿಯುವವರು ದಾವಣಗೆರೆಯಲ್ಲಿದ್ದರೂ ತಿಳಿಸಿ.