ಪುಸ್ತಕದಂಗಡಿ ಉಳಿಸುವ ಮಕ್ಕಳ ಕಾದಂಬರಿ: ಅಂಗಡಿ ನಿಜ ಅನ್ನಿಸಲು ಏನೇನು ಬೇಕು?

ಕೇಳಿದವರು: ಬೆಂಗಳೂರಿನ ಗಾಂಧಿ ಬಜಾರ್ ಅಡ್ಡರಸ್ತೆಯ ಹಳೇ ಪುಸ್ತಕದಂಗಡಿ ಮುಚ್ಚುವ ಸ್ಥಿತಿಗೆ ಬಂದಿದೆ. ಒಂಬತ್ತನೇ ಕ್ಲಾಸು ಮುಗಿಸಿದ ನಾಲ್ವರು ಮಕ್ಕಳು ಅದನ್ನು ಉಳಿಸುತ್ತಾರೆ. ತಮಾಷೆಯ ಕಾದಂಬರಿ. ಕರಡಿನಲ್ಲಿ ಅವರು ಒಂದು ಸಂಜೆ ಕಾರ್ಯಕ್ರಮ ಮಾಡಿ ದುಡ್ಡು ಕೂಡಿಸುತ್ತಾರೆ, ಅಲ್ಲಿಗೆ ಕಷ್ಟ ಮುಗಿಯುತ್ತದೆ. ಓದಿದವರು ನಂಬುತ್ತಿಲ್ಲ. ವ್ಯವಹಾರ ಗೊತ್ತಿರುವವರು ತಿದ್ದಿ.

ಪುಸ್ತಕ ವ್ಯಾಪಾರ ಬಲ್ಲವರು: ನಂಬದಿರುವುದು ಸರಿಯೇ. ಒಂದು ಸಂಜೆಯ ದುಡ್ಡು ಒಂದು ತಿಂಗಳ ಬಾಡಿಗೆಗೆ ಸರಿಹೋಗುತ್ತದೆ, ಮುಂದಿನ ತಿಂಗಳು ಅದೇ ಗೋಳು. ನಿಮ್ಮ ಅಂಗಡಿಗೆ ಮೊದಲು ಒಂದು ಲೆಕ್ಕದ ಪುಸ್ತಕ ಬರೆಯಿರಿ. ಉದಾಹರಣೆಗೆ ಬಾಡಿಗೆ 45,000, ಕೆಲಸದ ಹುಡುಗನ ಸಂಬಳ ಮತ್ತು ಕರೆಂಟು ಸೇರಿ 18,000, ಒಟ್ಟು 63,000 ರೂಪಾಯಿ. ಪುಸ್ತಕದ ಸರಾಸರಿ ಬೆಲೆ 200. ಪ್ರಕಾಶಕರು 30% ಬಿಡುತ್ತಾರೆ ಅಂದುಕೊಳ್ಳಿ, ಅದರಲ್ಲಿ ಗಿರಾಕಿಗೆ 10% ಬಿಟ್ಟರೆ ಪುಸ್ತಕಕ್ಕೆ ಉಳಿಯುವುದು 40 ರೂಪಾಯಿ. ಅಂದರೆ ತಿಂಗಳಿಗೆ 1,575 ಪುಸ್ತಕ, 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 60 ಹೋಗಬೇಕು. ಆ 10% ಕೈಬಿಟ್ಟರೆ ದಿನಕ್ಕೆ ಸುಮಾರು 40 ಸಾಕು! ಗಣಿತ ಅಂದರೆ ಓಡುವ ಹುಡುಗನ ಕೈಲೇ ಇದನ್ನು ಕಂಡುಹಿಡಿಸಿ. ಆಮೇಲೆ 'ಡಿಸ್ಕೌಂಟ್ ಇಲ್ವಾ?' ಅಂತ ಕೇಳುವ ಗಿರಾಕಿಗಳ ಮುಂದೆ ಅವನನ್ನೇ ನಿಲ್ಲಿಸಿ. ನಗು ಅಲ್ಲಿದೆ.

ಸೆಕೆಂಡ್ ಹ್ಯಾಂಡ್ ಕಪಾಟು ಇನ್ನೊಂದು ದಾರಿ. 30 ರೂಪಾಯಿಗೆ ಕೊಂಡಿದ್ದನ್ನು 100ಕ್ಕೆ ಮಾರಿದರೆ 70 ಉಳಿಯಿತು, ಹೊಸ ಪುಸ್ತಕಕ್ಕಿಂತ ಜಾಸ್ತಿ. ಆದರೆ ಸಿಲಬಸ್ ಬದಲಾದ ಗೈಡುಗಳನ್ನು ಮಾತ್ರ ತಗೊಳ್ಳಬಾರದು. ಮಕ್ಕಳು ತಗೊಂಡೇ ತಗೋತಾರೆ, ಮೂರು ಚೀಲ. ಅದೂ ಒಂದು ಅಧ್ಯಾಯವಾಗಲಿ.

ಬಾಡಿಗೆ ಕರಾರು ನೋಡುವವರು: ಖಳನಾಯಕನಾಗಿ ಬಿಲ್ಡರ್ ಬೇಡ, ಸಾಕಾಗಿದೆ. ಬಾಯಿಮಾತಿನ ಬಾಡಿಗೆ ಇರಲಿ. ಲಿಖಿತ ಕರಾರು ಇಲ್ಲದ ತಿಂಗಳ ಬಾಡಿಗೆಯಾದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಸಾಕು. ಕಥೆಗೆ ಬೇಕಾದ ಗಡುವು ಕಾನೂನಿನಲ್ಲೇ ಸಿಕ್ಕಿತು. ಹಾಗಂತ ಹದಿನಾರನೇ ದಿನ ಓನರ್ ಬಂದು ಬೀಗ ಹಾಕುವಂತಿಲ್ಲ. ಖಾಲಿ ಮಾಡದಿದ್ದರೆ ಕೋರ್ಟಿಗೇ ಹೋಗಬೇಕು. ಜೊತೆಗೆ ಅಡ್ವಾನ್ಸ್: ನಮ್ಮೂರಿನ ಹಳೇ ರೂಢಿಯಂತೆ ಹತ್ತು ತಿಂಗಳದ್ದು ಕೊಟ್ಟಿದ್ದರೆ ಅದನ್ನು ವಾಪಸ್ ಕೊಡಬೇಕಲ್ಲ? ಓನರ್ ಆ ದುಡ್ಡನ್ನು ಮಗಳ ಮದುವೆಗೆ ಖರ್ಚು ಮಾಡಿಬಿಟ್ಟಿದ್ದರೆ ಮಾತುಕತೆಗೆ ಬಂದು ಕೂರುತ್ತಾನೆ. ಕೆಟ್ಟವನೂ ಆಗಬೇಕಿಲ್ಲ.

ಕೇಳಿದವರು: ಇದು ಚೆನ್ನಾಗಿದೆ. ಮಳೆಗೆ ಅಂಗಡಿಯೊಳಗೆ ನೀರು ನುಗ್ಗುವ ಒಂದು ದೃಶ್ಯವೂ ಇದೆ. ಮಕ್ಕಳು ಪುಸ್ತಕಗಳನ್ನು ತಾರಸಿಯ ಬಿಸಿಲಿಗೆ ಹರಡುತ್ತಾರೆ.

ಗ್ರಂಥಾಲಯದಲ್ಲಿ ಪುಸ್ತಕ ಸಂರಕ್ಷಣೆ ಬಲ್ಲವರು: ಬಿಸಿಲಿಗೆ ಬೇಡ. ರಟ್ಟು ಸೊಟ್ಟಗಾಗುತ್ತದೆ, ಬಣ್ಣ ಹೋಗುತ್ತದೆ. ಬರೀ ತೇವ ಆಗಿದ್ದರೆ ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ನೆಟ್ಟಗೆ ನಿಲ್ಲಿಸಿ ಫ್ಯಾನ್ ಹಾಕಬೇಕು. ನಡುನಡುವೆ ಇಡಲು ಅಚ್ಚಾಗದ ಬಿಳಿ ಹಾಳೆಯೇ ಆಗಬೇಕು, ನ್ಯೂಸ್‌ಪೇಪರ್ ಇಟ್ಟರೆ ಮಸಿ ಹತ್ತುತ್ತದೆ. ತೊಯ್ದು ತೊಪ್ಪೆಯಾಗಿದ್ದರೆ ಬಿಡಿಸಲು ಹೋಗಬಾರದು, ಹಾಳೆ ಹರಿಯುತ್ತದೆ. 48 ಗಂಟೆಯಲ್ಲಿ ಬೂಷ್ಟು ಶುರುವಾಗಬಹುದು, ಅಷ್ಟರೊಳಗೆ ಎಲ್ಲ ಒಣಗಿಸಲು ಆಗದಿದ್ದರೆ ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ ಡೀಪ್ ಫ್ರೀಜರಿಗೆ. ಅಲ್ಲಿಟ್ಟರೆ ಒಣಗುವುದಿಲ್ಲ, ಸಮಯ ಸಿಗುತ್ತದೆ ಅಷ್ಟೆ. ಆಮೇಲೆ ನಾಲ್ಕು ನಾಲ್ಕಾಗಿ ತೆಗೆದು ಒಣಗಿಸುವುದು. ನುಣುಪು ಕಾಗದದ ಚಿತ್ರಪುಸ್ತಕಗಳು ಒಣಗುವಾಗ ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ, ಅವನ್ನೇ ಮೊದಲು ಫ್ರೀಜರಿಗೆ ಹಾಕಿ. ಪಕ್ಕದ ಐಸ್‌ಕ್ರೀಮ್ ಅಂಗಡಿಯವರನ್ನು ಒಪ್ಪಿಸುವ ಸಂಭಾಷಣೆ ನಿಮಗೆ ಬಿಟ್ಟಿದ್ದು.

ಬಸವನಗುಡಿ ಬಲ್ಲವರು: ಕಥೆ ಮೇ ತಿಂಗಳಲ್ಲಿ ನಡೆಯಲಿ. ರಜೆಯೂ ಇರುತ್ತದೆ, ಸಂಜೆಯ ಗುಡುಗು ಮಳೆಯೂ ಇರುತ್ತದೆ. ಮೇ ಮಧ್ಯದಲ್ಲಿ ನೋಟಿಸ್ ಬಂದರೆ ಗಡುವು ಮುಗಿಯುವುದು ನೋಟ್‌ಬುಕ್ ವ್ಯಾಪಾರ ಏರುವ ಹೊತ್ತಿಗೇ. ಹತ್ತನೇ ಕ್ಲಾಸಿಗೆ ಹೋಗುವ ಮಕ್ಕಳಾದ್ದರಿಂದ ಟ್ಯೂಷನ್ ತಪ್ಪಿಸುವ ಉಪಾಯಗಳೂ ಬೇಕು. ಶುಕ್ರವಾರ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನಿಸಬೇಡಿ, ಅವತ್ತು ರಜೆ. ಮೆಟ್ರೋದಲ್ಲಿ ಬರುವವರು ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ನಡೆಯಲಿ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳ ಜೊತೆ ಪೈಪೋಟಿ ಅಂತ ತೋರಿಸುವುದೂ ಬೇಡ, ಅಲ್ಲಿನ ಗಿರಾಕಿ ಬೇರೆ, ಇಲ್ಲಿ ಕನ್ನಡ ಪುಸ್ತಕಕ್ಕೆ ಬರುವ ಗಿರಾಕಿ ಬೇರೆ.

ಕರಡು ತಿದ್ದುವವರು: ಮಕ್ಕಳು 'ನಾವು ಈ ಅಂಗಡಿಯನ್ನು ರಕ್ಷಿಸಲೇಬೇಕು' ಅನ್ನುವುದಿಲ್ಲ. 'ಮಗಾ, ಏನಾದ್ರೂ ಮಾಡ್ಬೇಕು ಕಣೋ' ಅಂತಾರೆ. ಅಂಗಡಿಯವರನ್ನು ಅಂಕಲ್ ಅನ್ನಲಿ, ಅವರು ಮಕ್ಕಳನ್ನು 'ಏನ್ರೋ' ಅನ್ನಲಿ. ಅಧ್ಯಾಯಕ್ಕೆ 1,500 ಪದದಂತೆ 25 ಅಧ್ಯಾಯ ಸಾಕು. ಡೆಮಿ ಅಳತೆಯಲ್ಲಿ (ಕಾದಂಬರಿಗಳ ಮಾಮೂಲಿ ಅಳತೆ) ಪುಟಕ್ಕೆ 210 ಪದ ಹಿಡಿದರೆ ಸುಮಾರು 180 ಪುಟ. 16 ಪುಟದ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಲೆಕ್ಕದಲ್ಲಿ 192ಕ್ಕೆ ಹೊಂದಿಸಿಕೊಳ್ಳಿ. ಉಳಿದ ಪುಟಗಳಲ್ಲಿ ಶೀರ್ಷಿಕೆ, ಮುನ್ನುಡಿ, ಮತ್ತೆ ಆ ಗಣಿತದ ಹುಡುಗನ ಕೈಬರಹದ ಲೆಕ್ಕದ ಹಾಳೆ.